ಬೆವರುಸಾಲೆಗೆ ಹುತ್ತದ ಮಣ್ಣಾ, ಮುಲ್ತಾನಿ ಮಿಟ್ಟಿಯಾ?

ಬೇಸಿಗೆ ಬಂದರೆ ಕೋಲಾರದಲ್ಲಿ ಕತ್ತು, ಬೆನ್ನಿಗೆ ಬೆವರುಸಾಲೆ ಕಾಯಂ. ಮನೆಯ ಹಿರಿಯರು ಹುತ್ತದ ಮಣ್ಣು ಹಚ್ಚು ಅನ್ನುತ್ತಾರೆ, ಅಂಗಡಿಯವರು ಮುಲ್ತಾನಿ ಮಿಟ್ಟಿ ಪ್ಯಾಕೆಟ್ ಕೈಗಿಡುತ್ತಾರೆ.

ಹುತ್ತದ ಮಣ್ಣು ನುಣುಪು, ದುಡ್ಡೂ ಬೇಡ. ಕಲಸಿ ಹಚ್ಚಿದರೆ ನೀರು ಆರುವಾಗ ತಂಪಾಗುತ್ತದೆ, ಉರಿ ಸ್ವಲ್ಪ ಇಳಿಯುತ್ತದೆ. ಆದರೆ ಮಣ್ಣಿನಲ್ಲಿ ಧನುರ್ವಾಯು ತರುವ ರೋಗಾಣು ಇರಬಹುದು. ಬಿಸಿಲಿಗೆ ಒಣಗಿಸಿ ಜರಡಿ ಹಿಡಿದರೂ ಅದು ಹೋಗುತ್ತದೆ ಅನ್ನುವಂತಿಲ್ಲ. ತುರಿಸಿ ಗೀರು ಬಿದ್ದ ಚರ್ಮಕ್ಕಂತೂ ಬೇಡವೇ ಬೇಡ. ಕೆರೆ ಮಣ್ಣೂ ಅಷ್ಟೇ. ಇಲ್ಲಿನ ಎಷ್ಟೋ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ವಾ?

ಮುಲ್ತಾನಿ ಮಿಟ್ಟಿ ಜಿಡ್ಡು ಹೀರುತ್ತದೆ. ಎಣ್ಣೆ ಮುಖದವರಿಗೆ ಸರಿ. ಒಣ ಚರ್ಮಕ್ಕೆ, ಇಸುಬಿಗೆ ಹಚ್ಚಿದರೆ ತುರಿಕೆ ಜಾಸ್ತಿಯೇ ಆಗಬಹುದು. ಬಿರುಕು ಬಿಡುವ ತನಕ ಕಾಯಬೇಡಿ, ಬೆರಳಿಗೆ ಇನ್ನೂ ಅಂಟುವಾಗಲೇ ತೊಳೆದುಬಿಡಿ.

ಮುಖದ ಜಿಡ್ಡಿಗಾದರೆ ನನ್ನ ವೋಟು ಮುಲ್ತಾನಿಗೆ. ಬೆವರುಸಾಲೆಗೆ ಸುಮ್ನೆ ಎರಡನ್ನೂ ಬಿಡಿ. ತಣ್ಣೀರು ಸ್ನಾನ, ಸಡಿಲ ಹತ್ತಿ ಬಟ್ಟೆ, ಮೆಡಿಕಲ್ ಶಾಪಿನ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ಸಾಕು. ಕೀವು ಕಂಡರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ.