ಜಡಿಮಳೆಯಲ್ಲಿ ಸಾಗರದ ಪುಸ್ತಕದಂಗಡಿ: ಪುಸ್ತಕಕ್ಕೆ ಪೂರ್ತಿ ಅಂಕ, ಕಾಫಿಗೆ ಅರ್ಧ

ಜುಲೈನಲ್ಲಿ ಜೋಗಕ್ಕೆ ಹೋದವರಲ್ಲಿ ಎಷ್ಟೋ ಮಂದಿಗೆ ನೀರಿನ ಸದ್ದು ಕೇಳುತ್ತದೆ, ಮಂಜಿನಲ್ಲಿ ಜಲಪಾತ ಕಾಣುವುದಿಲ್ಲ. ಅಲ್ಲಿಂದ ಸುಮಾರು 30 ಕಿ.ಮೀ. ಹಿಂದಕ್ಕೆ, ಸಾಗರ ಪೇಟೆಯ ಹಳೇ ಹೆಂಚಿನ ಮನೆಯೊಂದರಲ್ಲಿ ಮುಂದೆ ಪುಸ್ತಕದಂಗಡಿ, ಹಿಂದೆ ಕಾಫಿ. ಮಕ್ಕಳು, ಅಜ್ಜಿ ಎಲ್ಲರನ್ನೂ ಕಟ್ಟಿಕೊಂಡು ಎರಡು ತಾಸು ಕೂರಬಹುದು. ಆದರೆ ಕಾಗದ ಮತ್ತು ಹಬೆ ಒಂದೇ ಸೂರಿನಡಿ ಮಳೆಗಾಲ ಕಳೆಯುವುದು ಸುಲಭದ ಮಾತಲ್ಲ. ಈ ಅಂಗಡಿಯನ್ನು ಅಳೆಯಬೇಕಾದ್ದೂ ಅದರಿಂದಲೇ.

ಜಗಲಿಯಲ್ಲೇ ಛತ್ರಿಗೆ ಡ್ರಮ್ಮು, ರೈನ್‌ಕೋಟಿಗೆ ಗೂಟ. ಹೊಸ್ತಿಲಿಗೆ ಮೊದಲು ನಾರಿನ ಮ್ಯಾಟು, ದಾಟಿದ ಮೇಲೆ ಗೋಣಿಚೀಲ. ಒದ್ದೆಯಾದ ಗೋಣಿಯನ್ನು ಆಗಾಗ ಬದಲಿಸುತ್ತಾರೆ. ಒಳಗೆ ಕಪಾಟುಗಳು ಗೋಡೆಗೆ ಅಂಟಿಲ್ಲ, ನಾಲ್ಕು ಬೆರಳು ಬಿಟ್ಟು ನಿಂತಿವೆ. ಕೆಳಗಿನ ಹಲಗೆ ನೆಲದಿಂದ ಒಂದಡಿ ಮೇಲಿದೆ. ಎರಚಲು ಹೊಡೆಯುವ ಪಡುವಣ ಗೋಡೆಗೆ ಕಪಾಟೇ ಇಲ್ಲ, ಬೆಂಚು ಹಾಕಿದ್ದಾರೆ. ಗಾಜಿನ ಬೀರುವಿನ ತಳದಲ್ಲಿ ಸಣ್ಣ ಬಲ್ಬು ಹಗಲೂ ಉರಿಯುತ್ತದೆ. ಇದು ಹಳೇ ತಂತಿಯ ಬಲ್ಬೇ ಆಗಬೇಕು. ಎಲ್‌ಇಡಿ ಹಾಕಿದರೆ ಬೆಳಕು ಬಂದೀತು, ಬೀರು ಬೆಚ್ಚಗಾಗದು. ತೇವಾಂಶ 65-70% ದಾಟಿ ದಿನಗಟ್ಟಲೆ ನಿಂತಿತೆಂದರೆ ಬೂಸ್ಟು ಬಂತೆಂದೇ ಲೆಕ್ಕ.

ಇಷ್ಟು ತಿಳಿದವರು ಮಕ್ಕಳ ಪುಸ್ತಕವನ್ನು ಅಡುಗೆಮನೆ ಬಾಗಿಲ ಪಕ್ಕ ಏಕಿಟ್ಟರೋ! ಬಣ್ಣದ ಚಿತ್ರಪುಸ್ತಕಗಳು ಆರ್ಟ್ ಪೇಪರಿನವು. ಆ ಹೊಳಪಿನ ಲೇಪ ತೇವ ಕುಡಿದರೆ ಅಂಟಾಗುತ್ತದೆ, ಒಣಗುವಾಗ ಪುಟಕ್ಕೆ ಪುಟ ಕಚ್ಚಿಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಬಿಲ್ ಮಾಡಿಸುವ ಮೊದಲು ಹೆಬ್ಬೆರಳಲ್ಲಿ ಪುಟಗಳನ್ನು ಸರಸರ ಹರಿಸಿ ನೋಡಿ. ಎಲ್ಲಾದರೂ ನಾಲ್ಕೈದು ಹಾಳೆ ಒಟ್ಟಿಗೆ ಬಿದ್ದರೆ ಬೇರೆ ಪ್ರತಿ ಕೇಳಿ. ಮೂಗಿಗೆ ಹಿಡಿದೂ ನೋಡಿ, ಬೂಸ್ಟು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ರಕ್ಷಾಪುಟ ಹೊರಕ್ಕೆ ಸುರುಳಿಯಾಗಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಹೊರಮೈಗೆ ಲ್ಯಾಮಿನೇಷನ್ ಇರುವುದರಿಂದ ಒಳಮೈಯಷ್ಟೇ ತೇವ ಎಳೆದು ಹಿಗ್ಗಿರುತ್ತದೆ. ಮನೆಯಲ್ಲಿ ಒಣ ಜಾಗದಲ್ಲಿ ಮೇಲೆ ಭಾರವಿಟ್ಟರೆ ಕೂರುತ್ತದೆ.

ದೊಡ್ಡವರ ಕಪಾಟು ತೃಪ್ತಿಕರ. ಹೆಗ್ಗೋಡು ಹತ್ತಿರವೇ ಇರುವುದರಿಂದ ಅಲ್ಲಿನ ಅಕ್ಷರ ಪ್ರಕಾಶನದ ನಾಟಕ, ಅನುವಾದಗಳು ಚೆನ್ನಾಗಿ ಸಿಗುತ್ತವೆ. ಯಕ್ಷಗಾನ ಪ್ರಸಂಗಗಳಿಗೆ ಒಂದು ಸಾಲೇ ಇದೆ. ಪರೀಕ್ಷೆ ಗೈಡುಗಳು ಒಂದು ಮೂಲೆಯಲ್ಲಿವೆ, ಅಂಗಡಿಯ ಬಾಡಿಗೆ ಕಟ್ಟುವುದು ಬಹುಶಃ ಅವೇ.

ಇನ್ನು ಕಾಫಿ. ಪುಡಿ 80 ಪಾಲು ಕಾಫಿ, 20 ಪಾಲು ಚಿಕೋರಿಯದು, ಫಿಲ್ಟರ್ ಸ್ಟೀಲಿನದು, ಬೆಳಗಿನ ಮೊದಲ ಡಿಕಾಕ್ಷನ್ ಗಟ್ಟಿಯಾಗಿ ಘಮ್ಮೆನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಡಿಕಾಕ್ಷನ್ ಬಿಸಿನೀರಿನ ಪಾತ್ರೆಯಲ್ಲಿ ಕೂತು ಕೂತು ಕಹಿಯಾಗಿರುತ್ತದೆ. ಪುಡಿ ಡಬ್ಬಿಯ ಮುಚ್ಚಳ ತೆರೆದೇ ಇರುವುದು ಇನ್ನೊಂದು ತೊಂದರೆ. ಚಿಕೋರಿ ಗಾಳಿಯ ತೇವ ಎಳೆದು ಗಂಟುಕಟ್ಟುತ್ತದೆ, ನೀರು ಗಂಟಿನ ಸಂದಿನಲ್ಲೇ ದಾರಿ ಮಾಡಿಕೊಂಡು ಇಳಿಯುತ್ತದೆ, ಪುಡಿ ಅರ್ಧಂಬರ್ಧ ನೆನೆಯುತ್ತದೆ. ಕೂತ ಕೂಡಲೇ 'ಹೊಸ ಡಿಕಾಕ್ಷನ್ ಹಾಕ್ತೀರಾ?' ಎಂದು ಕೇಳಿ. ಇಳಿಯಲು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ, ಅಷ್ಟರಲ್ಲಿ ಒಂದು ಕಪಾಟು ನೋಡಿ ಮುಗಿಸಬಹುದು. ಕಾಯುವ ವ್ಯವಧಾನ ಇಲ್ಲದಿದ್ದರೆ ಕಷಾಯ ತೆಗೆದುಕೊಳ್ಳಿ. ಹುರಿದ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸಿನ ಪುಡಿಗೆ ಬೆಲ್ಲ, ಹಾಲು ಹಾಕಿ ಕುದಿಸಿದ್ದು. ಮಕ್ಕಳಿಗೂ ಆದೀತು, ಕಾಳುಮೆಣಸು ಕಡಿಮೆ ಹಾಕಲು ಹೇಳಿದರೆ ಸಾಕು.

ತಿಂಡಿಯಲ್ಲಿ ಪತ್ರೊಡೆ ಇದ್ದ ದಿನ ಬಿಡಬೇಡಿ. ಹಲಸಿನ ಹಪ್ಪಳ ಕರಿದ ಕೂಡಲೇ ತಿನ್ನಿ, ಈ ಹವೆಗೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ತೆಳ್ಳನೆಯ ಗರಿಗರಿ ಸಿಹಿ ತೊಡೆದೇವಿನದೂ ಅದೇ ಗತಿ. ಪ್ಯಾಕೆಟ್ ಕೊಂಡರೆ ಅಲ್ಲೇ ಒಡೆಯದೆ ಮನೆಗೆ ಒಯ್ಯಿರಿ. ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟುವಂತಿಲ್ಲ ಎಂದು ಬೋರ್ಡಿದೆ. ಬೋರ್ಡಿಗಿಂತ ಹೆಚ್ಚು ಕೆಲಸ ಮಾಡುವುದು ಕಾಫಿ ಕೋಣೆಯಿಂದ ಹೊರಬರುವ ದಾರಿಯಲ್ಲೇ ಇರುವ ಕೈತೊಳೆಯುವ ಬೇಸಿನ್ನು, ಅದರ ಪಕ್ಕದ ಒಣ ಟವೆಲು. ಅಜ್ಜಿಯಂದಿರಿಗೆ ಒಂದು ಎಚ್ಚರಿಕೆ: ಕಾಫಿ ಕೋಣೆಗೆ ಇಳಿಯುವ ಎರಡು ಮೆಟ್ಟಿಲಿಗೆ ಹಿಡಿಕೆ ಇಲ್ಲ, ಕೆಂಪು ಗಾರೆ ನೆಲ ಒದ್ದೆಯಾದರೆ ಜಾರುತ್ತದೆ.

ಬಿಲ್ಲು ಎರಡು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಕಾಫಿ-ತಿಂಡಿಗೆ 5%. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಕೊಡುತ್ತಾರೆ. ಮನೆ ತಲುಪಿದ ದಿನವೇ ಕವರ್ ಬಿಚ್ಚಿ, ಇಲ್ಲವಾದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ದಾರಿಯಲ್ಲಿ ನೆನೆದರೆ ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ಹಾಳೆಗಳ ನಡುವೆ ಟಿಶ್ಯೂ ಇಟ್ಟು ಫ್ಯಾನ್ ಗಾಳಿಗೆ ನಿಲ್ಲಿಸಿ, ಟಿಶ್ಯೂ ಒದ್ದೆಯಾದಂತೆ ಬದಲಿಸಿ. ಕಾರು ನಿಲ್ಲಿಸಲು ಅಂಗಡಿ ಮುಂದೆ ಜಾಗವಿಲ್ಲ, ಮಕ್ಕಳು-ಅಜ್ಜಿಯನ್ನು ಬಾಗಿಲಲ್ಲಿ ಇಳಿಸಿ ಮುಂದೆ ಹೋಗಿ. ಗಾಳಿಮಳೆಗೆ ಕರೆಂಟ್ ಹೋದರೆ ಯುಪಿಎಸ್ ದೀಪ ಬರುತ್ತದೆ, ಮೊಬೈಲ್ ನೆಟ್‌ವರ್ಕ್ ಬರುವುದಿಲ್ಲ. ಯುಪಿಐ ನಂಬದೆ ಕೈಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಿ.