ವಿಲ್ಸನ್ ಇವೋ ಎನ್‌ಎಕ್ಸ್‌ಟಿ, 6ನೇ ಸೈಜ್: ಕಾಲೇಜು ಮಹಿಳಾ ತಂಡದ ಕೋಚ್ ಕಣ್ಣಲ್ಲಿ

ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಪಂದ್ಯದ ಚೆಂಡು ಆತಿಥೇಯ ತಂಡದ್ದು. ಆ ಕಾಲೇಜು ಯಾವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದೆಯೋ ಆ ಕಂಪನಿಯ ಚೆಂಡೇ ಅಂಗಳಕ್ಕಿಳಿಯುತ್ತದೆ. ಮಾರ್ಚ್‌ನಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಟೂರ್ನಿ ಶುರುವಾದ ಮೇಲೆ ಮಾತ್ರ ಎಲ್ಲರಿಗೂ ವಿಲ್ಸನ್ ಕಂಪನಿಯ ಇವೋ ಎನ್‌ಎಕ್ಸ್‌ಟಿ ಚೆಂಡು. ನವೆಂಬರ್‌ನಿಂದ ಬೇರೆ ಚೆಂಡಿಗೆ ಒಗ್ಗಿದ ಬೆರಳುಗಳು ಒಂದೇ ವಾರದಲ್ಲಿ ಇದಕ್ಕೆ ಹೊಂದಿಕೊಳ್ಳಬೇಕು. ಆದ್ದರಿಂದ ಒಪ್ಪಂದ ಯಾರದೇ ಇರಲಿ, ಟೂರ್ನಿಯ ಆಸೆ ಇರುವ ಕೋಚ್ ಈ ಚೆಂಡುಗಳನ್ನು ಜನವರಿಯಲ್ಲೇ ತರಿಸಿಡುವುದು ಒಳ್ಳೆಯದು.

ಅಳತೆ ಮೊದಲು. ಮಹಿಳೆಯರ ಚೆಂಡಿನ (6ನೇ ಸೈಜ್) ಸುತ್ತಳತೆ 28.5 ಇಂಚು, ತೂಕ 18ರಿಂದ 20 ಔನ್ಸ್. ಪುರುಷರದ್ದು 29.5 ಇಂಚು, 20ರಿಂದ 22 ಔನ್ಸ್. ವ್ಯಾಸದ ಲೆಕ್ಕದಲ್ಲಿ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗದಷ್ಟೇ, ಆದರೆ ರಿಂಗ್ ಇಬ್ಬರಿಗೂ 18 ಇಂಚಿನದ್ದೇ. ಕಾಲೇಜು ಮಹಿಳೆಯರಿಗೆ ಈ ಚಿಕ್ಕ ಚೆಂಡು ಬಂದದ್ದು 1984-85ರ ಸೀಸನ್‌ನಲ್ಲಿ. 1974ರಲ್ಲಿ ಟೆನೆಸೀ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಆದ ಪ್ಯಾಟ್ ಸಮಿಟ್ ಮೊದಲ ಹತ್ತು ವರ್ಷ ದೊಡ್ಡ ಚೆಂಡಿನಲ್ಲೇ ತಂಡ ಕಟ್ಟಿದವರು. ಅವರ ಎಂಟು ರಾಷ್ಟ್ರೀಯ ಪ್ರಶಸ್ತಿಗಳೂ ಆಮೇಲಿನವು. 1985ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಕೋಚ್ ಆಗಿ ಬಂದ ಜೀನೋ ಔರಿಯೆಮ್ಮಾ ಅವರಿಗೆ ಆ ತಲೆನೋವೇ ಇರಲಿಲ್ಲ.

ಇವೋ ಎನ್‌ಎಕ್ಸ್‌ಟಿಯ ಹೊದಿಕೆ ಚರ್ಮವಲ್ಲ, ಕಾಂಪೊಸಿಟ್, ಅಂದರೆ ಕೃತಕ ಚರ್ಮ. ಚರ್ಮದ ಚೆಂಡಿನ ಹಾಗೆ ವಾರಗಟ್ಟಲೆ ಪಳಗಿಸಬೇಕಿಲ್ಲ. ಮುಟ್ಟಿದರೆ ಮೆತ್ತಗೆ, ಸ್ವಲ್ಪ ಅಂಟು. ಬೆವರಿದ ಕೈಯಲ್ಲೂ ಹಿಡಿತ ತಪ್ಪುವುದು ಕಡಿಮೆ, ದೂರದ ಶಾಟ್‌ಗೆ ಬೆರಳ ತುದಿಯ ಸ್ಪಿನ್ ಚೆನ್ನಾಗಿ ಕೂರುತ್ತದೆ. ಮೂರು ಅಂಕದ ಗೆರೆ 22 ಅಡಿ 1¾ ಇಂಚಿಗೆ ಹೋದಮೇಲೆ ಇದು ಸಣ್ಣ ಮಾತಲ್ಲ. ಈ ಅಂಟಿನ ಶತ್ರು ಧೂಳು. ಅಂಗಳ ಒರೆಸದೆ ಅರ್ಧ ಗಂಟೆ ಡ್ರಿಬಲ್ ಮಾಡಿಸಿದರೆ ಮೇಲ್ಮೈ ನುಣುಪಾಗಿ, ಪಾಸ್ ಜಾರತೊಡಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿದರೆ ಸಾಕು, ಸ್ಪಿರಿಟ್ ಹಾಕಿ ತಿಕ್ಕಬಾರದು. ಕಾಂಕ್ರೀಟ್ ಅಂಗಳಕ್ಕಂತೂ ಒಯ್ಯಲೇಬೇಡಿ, ಮೇಲಿನ ಸಣ್ಣ ಗುಳ್ಳೆಗಳು ಬೇಗ ಸವೆದುಹೋಗುತ್ತವೆ.

ಹೆಚ್ಚಿನ ದೂರುಗಳ ಮೂಲ ಚೆಂಡಲ್ಲ, ಗಾಳಿ. ಇಂಥ ಚೆಂಡಿಗೆ ಸಾಮಾನ್ಯವಾಗಿ 7ರಿಂದ 9 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). 8ಕ್ಕೆ ನಿಲ್ಲಿಸುವುದು ಕ್ಷೇಮ. ಗಾಳಿ ಹೆಚ್ಚಾದರೆ ರಿಂಗ್‌ಗೆ ಬಡಿದ ಚೆಂಡು ದೂರ ಸಿಡಿಯುತ್ತದೆ, ರೀಬೌಂಡ್‌ಗೆ ಕಲಿಸಿದ ಜಾಗಗಳೆಲ್ಲ ಹುಸಿಯಾಗುತ್ತವೆ. ಕಡಿಮೆಯಾದರೆ ಆಟಗಾರ್ತಿ ಚೆಂಡನ್ನು ಒತ್ತಿ ಬಡಿಯಬೇಕಾಗಿ ತಲೆ ತಗ್ಗಿಸುತ್ತಾಳೆ. 20 ಡಿಗ್ರಿ ಸೆಲ್ಸಿಯಸ್‌ನ ಹಾಲ್‌ನಲ್ಲಿ 8 ಪಿಎಸ್‌ಐ ತುಂಬಿದ ಚೆಂಡು 10 ಡಿಗ್ರಿಗೆ ತಣ್ಣಗಾದರೆ ಮುಕ್ಕಾಲು ಪಿಎಸ್‌ಐ ಇಳಿದಿರುತ್ತದೆ. ಹಾಗಾಗಿ ಬಸ್ಸಿನ ಡಿಕ್ಕಿಯಿಂದ ಇಳಿಸಿದ ಕೂಡಲೇ ಪಂಪ್ ಹಿಡಿಯಬೇಡಿ. ಹಾಲ್‌ನ ಬಿಸಿಗೆ ಬರಲು ಬಿಟ್ಟು ಆಮೇಲೆ ಗೇಜ್ ಇಡಿ. ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆ; ಒಂದು ಹನಿ ಗ್ಲಿಸರಿನ್ ಸವರಿ, ನೇರವಾಗಿ ತೂರಿಸಿ.

ಹೊಸ ಚೆಂಡುಗಳು ಬಂದಾಗ ಎಲ್ಲವನ್ನೂ ಒಂದೇ ಒತ್ತಡಕ್ಕೆ ತಂದು, 6 ಅಡಿ ಎತ್ತರದಿಂದ ಒಂದೊಂದಾಗಿ ಬಿಟ್ಟು ಪುಟಿತ ಹೋಲಿಸಿ. ಗುಂಪಿಗೆ ಸೇರದ್ದನ್ನು ವಾಪಸ್ ಕಳಿಸಿ. ಹಿಂದಕ್ಕೆ ಸ್ಪಿನ್ ಕೊಟ್ಟು ಮೇಲೆಸೆದು ಗೆರೆಗಳನ್ನು ನೋಡಿ: ಓಲಾಡಿದರೆ ಆಕಾರ ಕೆಟ್ಟಿದೆ ಎಂದೇ ಅರ್ಥ. ಉಳಿದವಕ್ಕೆ ಮಾರ್ಕರ್‌ನಲ್ಲಿ ನಂಬರ್ ಬರೆದು ಸರದಿಯಲ್ಲಿ ಬಳಸಿ. ಇಲ್ಲವಾದರೆ ಎಲ್ಲರೂ ಮೆಚ್ಚಿದ ನಾಲ್ಕೇ ಚೆಂಡು ಸವೆದು, ಮಿಕ್ಕವು ರ‍್ಯಾಕ್‌ನಲ್ಲಿ ಹೊಸದಾಗಿಯೇ ಕೂತಿರುತ್ತವೆ.

ಪ್ರಾಕ್ಟೀಸ್‌ಗೆ ಮಾತ್ರ ಬಳಸುವವರಿಗೆ ಇದು ದುಬಾರಿ. ಪಾಸ್ ಡ್ರಿಲ್‌ಗೆ, ಓಟಕ್ಕೆ ಕಡಿಮೆ ಬೆಲೆಯ ಕಾಂಪೊಸಿಟ್ ಚೆಂಡು ಸಾಕು, ಇದನ್ನು ಶೂಟಿಂಗ್‌ಗೂ ಐದು-ಐದರ ಆಟಕ್ಕೂ ಇಟ್ಟುಕೊಳ್ಳಿ. ಅನೇಕ ಮಹಿಳಾ ತಂಡಗಳು ಹುಡುಗರನ್ನು ಎದುರಾಳಿಗಳಾಗಿ ನಿಲ್ಲಿಸಿ ಅಭ್ಯಾಸ ಮಾಡುತ್ತವಲ್ಲ, ಅವರು ತಮ್ಮ ಚೆಂಡು ತಂದು ರ‍್ಯಾಕ್‌ಗೆ ಸೇರಿಸಿಬಿಡುವುದುಂಟು. ಎರಡು ಸೈಜ್‌ಗಳೂ ನೋಡಲು ಒಂದೇ ಥರ, ಆದ್ದರಿಂದ ಪ್ರಾಕ್ಟೀಸ್ ಶುರುವಿಗೆ ಮುಂಚೆ 28.5 ಎಂಬ ಅಚ್ಚು ನೋಡುವ ಕೆಲಸವನ್ನು ಮ್ಯಾನೇಜರ್‌ಗೆ ಒಪ್ಪಿಸಿಬಿಡಿ.