ತೀರ್ಥಹಳ್ಳಿ ಮಳೆಗೆ ಫ್ರಂಟ್ ಲೋಡ್ ಮೆಷಿನ್: ವರ್ಷಗಟ್ಟಲೆ ಬಳಸಿದ ಮೇಲೆ

ಮಲೆನಾಡಿನಲ್ಲಿ ವಾಷಿಂಗ್ ಮೆಷಿನ್ ತಗೊಳ್ಳುವವರು ಮೊದಲು ನೋಡಬೇಕಾದ್ದು ಅದು ಹೇಗೆ ಒಗೆಯುತ್ತದೆ ಅಂತಲ್ಲ, ಹೇಗೆ ಹಿಂಡುತ್ತದೆ ಅಂತ. ಅಂಗಡಿಯಲ್ಲಿ ಈ ಮಾತು ಯಾರೂ ಹೇಳುವುದಿಲ್ಲ. ಎಷ್ಟು ಪ್ರೋಗ್ರಾಂ ಇದೆ, ಮೊಬೈಲಿನಿಂದ ಹೇಗೆ ಆನ್ ಮಾಡಬಹುದು, ಬಾಗಿಲ ಗಾಜು ಎಷ್ಟು ಗಟ್ಟಿ ಅಂತೆಲ್ಲ ಹೇಳುತ್ತಾರೆ. ಜೂನ್ ಕಳೆದ ಮೇಲೆ ನಮಗೆ ಬೇಕಾಗುವುದು ಒಂದೇ: ಬಟ್ಟೆ ಒಣಗಬೇಕು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿದೆ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಮನೆ ತುಂಬ ಜನ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜುಲೈನಲ್ಲಿ ಬಿಸಿಲು ಕಂಡರೆ ಮಕ್ಕಳು ಅಂಗಳಕ್ಕೆ ಓಡುತ್ತಾರೆ. ಮೆಷಿನ್ ತಂದಿದ್ದು ಶಿವಮೊಗ್ಗದ ದುರ್ಗಿಗುಡಿಯಿಂದ. 8 ಕೆಜಿಯ ಫ್ರಂಟ್ ಲೋಡ್, ಒಳಗೇ ಹೀಟರ್, 1200 ಸುತ್ತಿನದು. ಅದು ಬಂದ ಮೇಲೆ ಹಲವು ಮಳೆಗಾಲ ಕಳೆದಿವೆ. ಕಂಪನಿ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವುದೆಲ್ಲ ಈ ಜಾತಿಯ ಯಾವ ಮೆಷಿನ್‌ಗೂ ಹೊಂದುತ್ತದೆ.

ಸುತ್ತಿನ ಲೆಕ್ಕ ಹೇಳುತ್ತೇನೆ. ಒಂದು ಕೆಜಿ ಒಣ ಹತ್ತಿ ಬಟ್ಟೆ ಒಗೆದು ನಿಮಿಷಕ್ಕೆ 800 ಸುತ್ತಿನಲ್ಲಿ ಹಿಂಡಿದರೆ ಅದರಲ್ಲಿ ಸುಮಾರು 700 ಗ್ರಾಂ ನೀರು ಉಳಿಯುತ್ತದೆ. 1200 ಸುತ್ತಿನಲ್ಲಿ ಹಿಂಡಿದರೆ ಅರ್ಧ ಕೆಜಿ ಆಸುಪಾಸು. ಐದು ಕೆಜಿ ಬಟ್ಟೆ ಹಾಕಿದರೆ ಸುಮಾರು ಒಂದು ಲೀಟರ್ ನೀರಿನ ವ್ಯತ್ಯಾಸ. ಬಯಲುಸೀಮೆಯಲ್ಲಿ ಈ ಒಂದು ಲೀಟರ್ ಬಿಸಿಲಿಗೆ ಹಾರಿಹೋಗುತ್ತದೆ. ನಮ್ಮಲ್ಲಿ ಅದು ಮನೆಯೊಳಗೇ ಹಗ್ಗದ ಮೇಲೆ ನೇತಾಡುತ್ತಾ, ಗೋಡೆಗೂ ಹಾಸಿಗೆಗೂ ಥಂಡಿ ಹಿಡಿಸುತ್ತದೆ. ತೆಳು ಪಂಚೆ, ಬನಿಯನ್, ಮಕ್ಕಳ ಫ್ರಾಕು ರಾತ್ರಿ ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತವೆ. ಜೀನ್ಸ್ ಪ್ಯಾಂಟಿಗೆ, ದಪ್ಪ ಟವೆಲಿಗೆ ಸ್ಪಿನ್ ಮಾತ್ರ ಇನ್ನೊಂದು ಸಲ ಕೊಡುತ್ತೇನೆ. ಅದಕ್ಕೆ ಖರ್ಚಾಗುವ ಕರೆಂಟ್ ತೀರಾ ಕಡಿಮೆ, ಸಿಗುವ ಲಾಭ ಜಾಸ್ತಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಮೆಷಿನ್‌ನ ಹಿಂಡುವ ಡಬ್ಬಿಯೂ ತುಂಬಾ ಚೆನ್ನಾಗಿ ಹಿಂಡುತ್ತದೆ. ಬೆಲೆಯೂ ಕಡಿಮೆ. ಮನೆಯಲ್ಲಿ ಇಬ್ಬರೇ ಇದ್ದು, ಪಕ್ಕದಲ್ಲಿ ನಿಂತು ಬಟ್ಟೆ ಎತ್ತಿ ಹಾಕುವ ತ್ರಾಣ ಇದ್ದರೆ ಅದೇ ಸಾಕು. ನಮಗೆ ಫ್ರಂಟ್ ಲೋಡ್ ಬೇಕಾಗಿದ್ದು ಹೀಟರ್‌ಗೋಸ್ಕರ.

ಮಳೆಗಾಲದ ಬಟ್ಟೆಗೆ ಬರುವ ಮುಗ್ಗಲು ವಾಸನೆ ಎಲ್ಲರಿಗೂ ಗೊತ್ತಲ್ವಾ? ಒಗೆದ ಬಟ್ಟೆಯೇ, ಮೈಗೆ ಹಾಕಿದ ಅರ್ಧ ಗಂಟೆಗೆ ನಾತ ಹೊಡೆಯುತ್ತದೆ. ಅದು ಸೋಪಿನ ತಪ್ಪಲ್ಲ. ಬಟ್ಟೆ ನಿಧಾನವಾಗಿ ಒಣಗುವಾಗ ನೂಲಿನಲ್ಲಿ ಉಳಿದ ಬೆವರು, ಎಣ್ಣೆ ತಿಂದು ಮೊರಾಕ್ಸೆಲ್ಲಾ ಎನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ತಣ್ಣೀರಿನಲ್ಲಿ ಎಷ್ಟು ಒಗೆದರೂ ಅದು ಪೂರ್ತಿ ಹೋಗುವುದಿಲ್ಲ. ಪರಿಮಳಕ್ಕೆ ಹಾಕುವ ಕಂಫರ್ಟ್ ಸುರಿದರೆ ವಾಸನೆ ಮೇಲೆ ಇನ್ನೊಂದು ವಾಸನೆ ಕೂರುತ್ತದೆ, ಅಷ್ಟೆ. 60 ಡಿಗ್ರಿ ಬಿಸಿಯಲ್ಲಿ ಒಗೆದರೆ ಅದು ಅಡಗುತ್ತದೆ. ನಾನು ಟವೆಲ್, ಬನಿಯನ್, ಹೊದಿಕೆ, ಅಡುಗೆಮನೆ ಬಟ್ಟೆ ಇವನ್ನು ಮಳೆಗಾಲದಲ್ಲಿ 60 ಡಿಗ್ರಿಯಲ್ಲೇ ಹಾಕುತ್ತೇನೆ. ಮೂರು ಗಂಟೆ ಹತ್ತಿರ ಹಿಡಿಯುತ್ತದೆ, ಕರೆಂಟ್ ಒಂದು ಯೂನಿಟ್ ಆಸುಪಾಸು. ಹೀಟರ್ 2,000 ವ್ಯಾಟ್‌ನಷ್ಟು ಎಳೆಯುವುದರಿಂದ ಮನೆಯ ಇನ್ವರ್ಟರ್‌ನಲ್ಲಿ ನಡೆಯುವುದಿಲ್ಲ. ಕರೆಂಟ್ ಹೋದರೆ ಕಾಯಬೇಕು. ಬಂದ ಮೇಲೆ ನಿಂತಲ್ಲಿಂದಲೇ ಶುರುವಾಗುತ್ತದೆ.

ಇನ್ನು ಕಲೆ. ಮೆಷಿನ್‌ಗೆ ಹಾಕಿಬಿಟ್ಟರೆ ಕಲೆ ಹೋಗುತ್ತದೆ ಅನ್ನುವುದು ಜಾಹೀರಾತಿನ ಮಾತು. ಕಲೆ ಹೋಗುವುದು ಬಟ್ಟೆ ಮೆಷಿನ್‌ಗೆ ಬೀಳುವ ಮೊದಲೇ.

ನಮ್ಮ ಸೀಮೆಯ ದೊಡ್ಡ ಕಲೆ ಅಡಿಕೆಯದು. ಅಕ್ಟೋಬರ್‌ನಿಂದ ಜನವರಿವರೆಗೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಹಸಿ ಅಡಿಕೆಯ ರಸ, ಹಂಡೆಯ ಚೊಗರು (ಅಡಿಕೆ ಬೇಯಿಸಿದ ಕಂದು ನೀರು) ಬಟ್ಟೆಗೆ ತಾಗಿದರೆ ಆಗ ಏನೂ ಕಾಣುವುದಿಲ್ಲ, ತೆಳು ಕಂದು ಅಷ್ಟೆ. ಸಂಜೆ ಹೊತ್ತಿಗೆ ಗಾಢವಾಗುತ್ತದೆ. ಸೋಪು ಹಚ್ಚಿ ಉಜ್ಜಿದರೆ ಇನ್ನೂ ಕೆಟ್ಟದಾಗುತ್ತದೆ. ಎಲೆ ಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದಲ್ಲ, ಅದೇ ಕೆಲಸವನ್ನು ಕ್ಷಾರದ ಸೋಪು ಬಟ್ಟೆಯ ಮೇಲೆ ಮಾಡುತ್ತದೆ. ಅಡಿಕೆಯ ಟ್ಯಾನಿನ್ ಕ್ಷಾರ ತಾಗಿದ ಕೂಡಲೇ ಕೆಂಪಗೆ, ಕಪ್ಪಗೆ ತಿರುಗುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕಬ್ಬಿಣ ಸೇರಿದಲ್ಲಂತೂ ಶಾಯಿಯಷ್ಟು ಕಪ್ಪು. ಕಳೆದ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬಂದ ಹುಡುಗಿಯೊಬ್ಬಳು ಚೂಡಿದಾರದ ತುದಿ ಹಿಡಿದು ಕೇಳಿದಳು.

"ಅಕ್ಕಾ, ಉಜ್ಜಿದಷ್ಟೂ ಕಪ್ಪಾಗ್ತಾ ಇದೆಯಲ್ಲ?"

"ಸೋಪು ಮುಟ್ಟಿಸಬೇಡ ಮಾರಾಯ್ತಿ. ಮೊದ್ಲು ಬರೀ ನೀರಲ್ಲಿ ಜಾಲಿಸು."

ಹಸಿ ಇರುವಾಗಲೇ ಬರೀ ನೀರಿನಲ್ಲಿ ಜಾಲಿಸಿದರೆ ಅರ್ಧಕ್ಕರ್ಧ ಹೋಗುತ್ತದೆ. ಉಳಿದದ್ದಕ್ಕೆ ಆಕ್ಸಿಜನ್ ಬ್ಲೀಚ್ ಪುಡಿ. ಅಂಗಡಿಯಲ್ಲಿ ವ್ಯಾನಿಶ್ ಅಂತ ಸಿಗುವ ಪುಡಿಯಲ್ಲಿ ಇರುವುದು ಅದೇ, ಸೋಡಿಯಂ ಪರ್ಕಾರ್ಬೊನೇಟ್. ಅದೂ ಕ್ಷಾರವೇ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಬಿಟ್ಟು ಬಣ್ಣವನ್ನೇ ಒಡೆಯುತ್ತದೆ. ತಣ್ಣೀರಿನಲ್ಲಿ ಹಾಕಿದರೆ ದುಡ್ಡು ದಂಡ. ಬಚ್ಚಲ ಹಂಡೆಯ ಬಿಸಿ ನೀರು ಬಕೆಟಿಗೆ ಹಾಕಿ, ಪುಡಿ ಕದಡಿ, ಬಟ್ಟೆ ಒಂದೆರಡು ಗಂಟೆ ನೆನೆಸಿ, ಆಮೇಲೆ ಮೆಷಿನ್‌ನಲ್ಲಿ 60ಕ್ಕೆ ಹಾಕುತ್ತೇನೆ. ಬಿಳಿ ಹತ್ತಿ ಬಟ್ಟೆಯಲ್ಲಿ ಕಲೆ ತಿಳಿ ಹಳದಿಗೆ ಇಳಿದು, ಇನ್ನೊಂದು ಒಗೆತಕ್ಕೆ ಮಾಯವಾಗುತ್ತದೆ. ಕತ್ತಿಯ ಕಪ್ಪು ಚುಕ್ಕೆಗೆ ಲಿಂಬೆರಸ ಹಿಂಡಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ರೇಷ್ಮೆಗೆ, ಉಣ್ಣೆಗೆ ಈ ಪುಡಿ ಬೇಡವೇ ಬೇಡ. ವರ್ಷ ಹಳೆಯದಾದ ಚೊಗರಿನ ಕಲೆಗೆ ನನ್ನ ಹತ್ತಿರ ಮದ್ದಿಲ್ಲ. ಅದನ್ನು ಅಡಿಕೆ ಬಟ್ಟೆ ಅಂತ ಬೇರೆ ಇಟ್ಟುಬಿಡುವುದೇ ಸರಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದವರ ಬಟ್ಟೆ ಬೇರೆಯದೇ ಕಥೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಂಗಿಯ ತುಂಬ ನೀಲಿ ಚಿತ್ತಾರ. ಇದು ತಾಮ್ರದ ಕಲೆ, ಸೋಪಿಗೆ ಬಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ನೀರಿಗೆ ವಿನೆಗರ್ ಬೆರೆಸಿ ನೆನೆಸಿದರೆ ನೀಲಿ ನೀರಾಗಿ ಬಿಡುತ್ತದೆ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಯಾವತ್ತೂ ಹಾಕಬೇಡಿ. ಇನ್ನೂ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ವಿನೆಗರ್ ಆಗಲಿ ಲಿಂಬೆ ಆಗಲಿ ಇರುವ ಬಕೆಟಿಗೆ ಕ್ಲೋರಿನ್ ಬ್ಲೀಚ್ ಸೇರಿಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಚ್ಚಲಿನಂಥ ಚಿಕ್ಕ ಜಾಗದಲ್ಲಿ ಅದು ಜೀವಕ್ಕೇ ಅಪಾಯ.

ಇಂಬಳ (ಜಿಗಣೆ) ಕಚ್ಚಿದ ರಕ್ತ ಮಳೆಗಾಲ ಪೂರ್ತಿ ಇರುವುದೇ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಇಂಬಳ ಬಿದ್ದ ಮೇಲೂ ಸೋರುತ್ತಾ ಕಾಲುಚೀಲ, ಪಂಚೆಯ ಅಂಚು ಎಲ್ಲ ಕೆಂಪು. ಇದಕ್ಕೆ ಬಿಸಿ ನೀರು ಶತ್ರು. ಬಿಸಿ ತಾಗಿದರೆ ರಕ್ತದ ಪ್ರೋಟೀನ್ ಬೆಂದು ನೂಲಿಗೆ ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಎಂಜೈಮ್ ಇರುವ ಲಿಕ್ವಿಡ್ ಹಚ್ಚಿ ಹತ್ತು ನಿಮಿಷ, ಆಮೇಲೆ 30 ಅಥವಾ 40 ಡಿಗ್ರಿ. ಹಾಗಾಗಿ ಬಟ್ಟೆ ಬುಟ್ಟಿ ನಮ್ಮಲ್ಲಿ ಎರಡು: ಬಿಸಿಗೆ ಹೋಗುವವು ಒಂದು ಕಡೆ, ತಣ್ಣಗೆ ಹೋಗಬೇಕಾದವು ಇನ್ನೊಂದು ಕಡೆ.

ಕೆಮ್ಮಣ್ಣು ಮೆತ್ತಿದ್ದರೆ ಒದ್ದೆಯಲ್ಲಿ ಉಜ್ಜಬೇಡಿ. ಒಣಗಲು ಬಿಟ್ಟು ಬ್ರಷ್‌ನಲ್ಲಿ ಕೊಡವಿ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ, ಆಮೇಲೆ ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್. ಅರಿಸಿನಕ್ಕೆ ಮದ್ದು ಬಿಸಿಲು. ಸೋಪು ತಾಗಿ ಕೆಂಪಾದರೂ ಗಾಬರಿ ಬೇಡ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ, ಒಳ್ಳೆ ಬಿಸಿಲಲ್ಲಿ ಹರವಿದರೆ ಆ ಹಳದಿಯೂ ಹೋಗುತ್ತದೆ. ಮಳೆಗಾಲದ ಮದುವೆಮನೆಗೆ ಬಿಳಿ ಅಂಗಿ ಹಾಕಿಕೊಂಡು ಹೋಗುವವರು ಇದನ್ನು ನೆನಪಿಡಿ, ಬಿಸಿಲಿಗೆ ಸೆಪ್ಟೆಂಬರ್‌ವರೆಗೂ ಕಾಯಬೇಕು.

ಸೋಪಿನ ಅಳತೆ ಬಗ್ಗೆ. ನಮ್ಮದು ಗುಡ್ಡದ ಮೇಲಿನಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು. ಮೆದು ನೀರು, ಸೋಪು ಹಾಕಿದರೆ ನೊರೆಯೋ ನೊರೆ. ಪ್ಯಾಕೆಟ್ ಮೇಲೆ ಬರೆದ ಅಳತೆಯ ಅರ್ಧ ಸಾಕು. ಜಾಸ್ತಿ ಹಾಕಿದರೆ ನೊರೆ ಹೋಗಲಿ ಅಂತ ಮೆಷಿನ್ ಜಾಲಿಸುತ್ತಲೇ ಇರುತ್ತದೆ. ಬಟ್ಟೆಯಲ್ಲಿ ಉಳಿದ ಸೋಪು ಮುಗ್ಗಲಿಗೆ ಇನ್ನಷ್ಟು ದಾರಿ. ಮಾರುವವರು ಜೊತೆಗೆ ಕೊಡುವ, ಗಡಸು ನೀರಿನ ಬಿಳಿ ಪದರ ತೆಗೆಯುವ ಡಿಸ್ಕೇಲ್ ಪುಡಿ ಅಬ್ಬಿ ನೀರಿನವರಿಗೆ ಸುಮ್ನೆ ಖರ್ಚು. ಗಡಸು ನೀರಿನ ಬೋರ್‌ವೆಲ್ ಇರುವವರಿಗೆ ಅದು ಬೇಕು. ಅಬ್ಬಿ ನೀರಿನ ತೊಂದರೆ ಬೇರೆ: ಮೊದಲ ಮಳೆಗೆ ಮಣ್ಣು, ಕೊಳೆತ ಎಲೆ ಬಂದು ನೀರು ಒಳಹೋಗುವ ಜಾಲರಿ ಕಟ್ಟಿಕೊಳ್ಳುತ್ತದೆ. ಪೈಪ್ ತಿರುಪಿ ಬಿಚ್ಚಿ, ಜಾಲರಿ ತೆಗೆದು ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಆಯಿತು.

ಒಣಗಿಸುವ ಜಾಗ ಆರಿಸುವಾಗ ಗಾಳಿ ನೋಡಿ, ಬಿಸಿ ಆಮೇಲೆ. ಬಚ್ಚಲೊಲೆ ಮೇಲೆ ಗಳ ಕಟ್ಟಿ ಬಟ್ಟೆ ಹಾಕುವುದು ನಮ್ಮ ಹಳೆಯ ಪದ್ಧತಿ. ಬೇಗ ಒಣಗುತ್ತದೆ ನಿಜ, ಹೊಗೆ ವಾಸನೆ ಮಾತ್ರ ಬಿಡುವುದಿಲ್ಲ. ಶಾಲೆಗೆ ಹೋಗುವ ಮಕ್ಕಳ ಬಟ್ಟೆ ಅಲ್ಲಿ ಹಾಕುವುದು ನಿಲ್ಲಿಸಿದ್ದೇವೆ. ಜಗಲಿಯಲ್ಲಿ ಹಗ್ಗಕ್ಕೆ ಒಂದು ಬಿಟ್ಟು ಒಂದು ಹ್ಯಾಂಗರ್, ಎದುರಿಗೆ ಫ್ಯಾನ್. ಹ್ಯಾಂಗರ್ ನಡುವೆ ಗೇಣು ಜಾಗ ಇಲ್ಲದಿದ್ದರೆ ಫ್ಯಾನ್ ಹಾಕಿಯೂ ಪ್ರಯೋಜನ ಇಲ್ಲ.

ಹೀಗೆ ಬಿಗಿಯಾಗಿ ಹಿಂಡಿದ ಬಟ್ಟೆಗೆ ಸುಕ್ಕು ಜಾಸ್ತಿ. ಮೆಷಿನ್ ನಿಂತ ಕೂಡಲೇ ತೆಗೆದು, ಎರಡೂ ಹೆಗಲು ಹಿಡಿದು ಫಟ್ ಅಂತ ಕೊಡವಿ ಹ್ಯಾಂಗರ್‌ಗೆ ಹಾಕಿದರೆ ಇಸ್ತ್ರಿ ಕೆಲಸ ಅರ್ಧ ಕಡಿಮೆ. ಹತ್ತಿ ಅಂಗಿಯನ್ನು ಪೂರ್ತಿ ಒಣಗಲು ಬಿಡುವುದಿಲ್ಲ. ಕಾಲರ್, ಕೈತುದಿ ಇನ್ನೂ ತಣ್ಣಗಿರುವಾಗಲೇ ಇಸ್ತ್ರಿಗೆ ತಗೊಳ್ಳುತ್ತೇನೆ. ಕಾಲರ್ ಒಳಭಾಗ ಮೊದಲು, ತುದಿಯಿಂದ ನಡುವಿಗೆ. ನಡುವಿನಿಂದ ತುದಿಗೆ ಒತ್ತಿದರೆ ಮಡಿಕೆ ಮೂಲೆಗೆ ಬಂದು ನಿಲ್ಲುತ್ತದೆ. ಆಮೇಲೆ ಹೆಗಲು, ತೋಳು, ಕೊನೆಗೆ ಮೈ. ಇಸ್ತ್ರಿ ಪೆಟ್ಟಿಗೆಯ ಮೂರು ಚುಕ್ಕೆ ಅಂದರೆ ಸುಮಾರು 200 ಡಿಗ್ರಿ, ಹತ್ತಿಗೆ. ಎರಡು ಚುಕ್ಕೆ 150, ರೇಷ್ಮೆಗೆ, ಪಾಲಿಯೆಸ್ಟರ್‌ಗೆ. ನೈಲಾನ್‌ಗೆ ಒಂದೇ ಚುಕ್ಕೆ, 110. ಮಳೆಗಾಲದಲ್ಲಿ ಇಸ್ತ್ರಿ ಅಂದಕ್ಕಿಂತ ಜಾಸ್ತಿ ಒಣಗಿಸಲಿಕ್ಕೆ. ಇಸ್ತ್ರಿ ಮಾಡಿದ ಬಟ್ಟೆ ಬಿಸಿ ಆರುವ ತನಕ ಹೊರಗೇ ತೂಗುಹಾಕಿ. ಬಿಸಿಯಲ್ಲೇ ಮಡಚಿ ಬೀರುವಿಗೆ ಇಟ್ಟರೆ ಒಳಗಿನ ಆವಿ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ಗಂಜಿ ಹಾಕಿದ ಸೀರೆಯನ್ನು ಜೂನ್‌ಗೆ ಮುಂಚೆ ಗಂಜಿ ತೊಳೆದೇ ಎತ್ತಿಡಬೇಕು, ಬೂಷ್ಟಿಗೆ ಅದೇ ಊಟ. ನಮ್ಮ ಬೀರುವಿನ ಕೆಳಗಡೆ ಬಟ್ಟೆಗೆ ತಾಗದ ಹಾಗೆ ಹಳೆ ಕಾಲದ ಜೀರೋ ಕ್ಯಾಂಡಲ್ ಬಲ್ಬ್ ಉರಿಯುತ್ತಿರುತ್ತದೆ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಆದರೆ ಬೆಚ್ಚಗಾಗುವುದಿಲ್ಲ.

ಮೆಷಿನ್‌ನ ಕೊರತೆಗಳೂ ಇವೆ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ನೀರು ನಿಂತು ಕಪ್ಪು ಚುಕ್ಕೆ ಏಳುತ್ತದೆ. ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದೇ ಬಿಡಬೇಕು. ಕೆಳಗೆ ಇಲಿ ಜಾಲರಿ ಹಾಕಿಸದಿದ್ದರೆ ಮೊದಲ ಮಳೆಗೇ ಇಲಿ ಒಳಹೊಕ್ಕು ವೈರ್ ಕಡಿಯುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪ್ಲಗ್ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ನನಗೆ ಬೇಸರ ತಂದಿದ್ದು ರಿಪೇರಿ ಸೇವೆ. ನೀರು ಹೊರಹಾಕುವ ಪಂಪ್ ಕೆಟ್ಟಾಗ ದೂರು ಕೊಟ್ಟೆವು. ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಒಬ್ಬರು, ಶಿವಮೊಗ್ಗಕ್ಕೇ ಮೆಷಿನ್ ತನ್ನಿ ಅಂತ ಇನ್ನೊಬ್ಬರು. ಆಗ ನಡು ಜುಲೈ. ಕೊನೆಗೆ ತೀರ್ಥಹಳ್ಳಿ ಪೇಟೆಯ ಮೆಕ್ಯಾನಿಕ್ ಒಬ್ಬರು ಬಂದು, ಪಂಪ್ ಬಿಚ್ಚಿ, ಒಳಗೆ ಸಿಕ್ಕಿದ್ದ ಅಡಿಕೆ ಚೂರು ಅಂಗೈ ಮೇಲೆ ಇಟ್ಟು ತೋರಿಸಿ, ಅರ್ಧ ಗಂಟೆಯಲ್ಲಿ ಸರಿ ಮಾಡಿದರು. ಈಗ ಜೇಬು ತಡಕದೆ ಯಾವ ಪ್ಯಾಂಟೂ ಒಳಗೆ ಹೋಗುವುದಿಲ್ಲ. ನೀವು ಕೊಳ್ಳುವಾಗ ದುಡ್ಡು ಕೊಡುವ ಮೊದಲೇ ನಿಮ್ಮ ಊರಿನ ಪಿನ್‌ಕೋಡ್ ಹೇಳಿ, ಅಲ್ಲಿಗೆ ಮೆಕ್ಯಾನಿಕ್ ಬರುತ್ತಾರಾ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ.